ಮಲ್ಪೆ ಬೋಟ್‌ಗಳಿಗೆ ಒನ್ ಸಿಮ್ಯುಲೇಟರ್ ಸಾಕು, ಟಿಟಿಎಲ್ (ಸಂದೇಶದ ಆಯುಷ್ಯ) ನೋಡಿಕೊಳ್ಳಿ

ಮಲ್ಪೆಯ ಮೀನುಗಾರಿಕೆ ಬೋಟ್‌ಗಳ ನಡುವೆ ಸಂದೇಶ ದಾಟಿಸುವ ಡಿಟಿಎನ್ (ಸಂಪರ್ಕ ಕಡಿದಾಗ ಸಂದೇಶ ಹಿಡಿದಿಟ್ಟು, ಸಿಕ್ಕಾಗ ದಾಟಿಸುವ ಜಾಲ) ಪ್ರಾಜೆಕ್ಟ್‌ಗೆ ಎನ್‌ಎಸ್-3 ಎಂಬ ನೆಟ್‌ವರ್ಕ್ ಸಿಮ್ಯುಲೇಟರ್ ಬೇಕಾ, ಡಿಟಿಎನ್‌ಗೆಂದೇ ಇರುವ ಒನ್ ಸಿಮ್ಯುಲೇಟರ್ ಸಾಕಾ ಅಂತ ಕೇಳಿದ್ದೀರಿ. ರೌಟಿಂಗ್ (ಸಂದೇಶ ಯಾರಿಂದ ಯಾರಿಗೆ ದಾಟಬೇಕೆಂಬ ವಿಧಾನ) ಹೋಲಿಸುವುದಷ್ಟೇ ಕೆಲಸ ಆದರೆ ಒನ್ ಸಾಕು. ಎಪಿಡೆಮಿಕ್, ಸ್ಪ್ರೇ ಆ್ಯಂಡ್ ವೇಟ್, ಪ್ರಾಫೆಟ್, ಮ್ಯಾಕ್ಸ್‌ಪ್ರಾಪ್ ಎಂಬ ರೌಟಿಂಗ್ ವಿಧಾನಗಳೆಲ್ಲ ಒಳಗೇ ಇವೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ತಿದ್ದಿದರೆ ರೌಟರ್ ಬದಲಾಗುತ್ತದೆ.

ಆದರೆ ಡಿಫಾಲ್ಟ್ ಸೆಟ್ಟಿಂಗ್ಸ್ ಹಾಗೇ ಓಡಿಸಬೇಡಿ. ಅದು ಹೆಲ್ಸಿಂಕಿ ಪೇಟೆಯ ಪಾದಚಾರಿಗಳು, ಕಾರು, ಟ್ರಾಮ್‌ಗೆ ಬರೆದದ್ದು. ಬ್ಲೂಟೂತ್ ವ್ಯಾಪ್ತಿ 10 ಮೀಟರ್, ಸಂದೇಶದ ಟಿಟಿಎಲ್ 300 ನಿಮಿಷ, ಇಡೀ ಓಟ 12 ಗಂಟೆ. ಆಳಸಮುದ್ರಕ್ಕೆ ಹೋದ ಬೋಟ್ ದಿನಗಟ್ಟಲೆ ಬಂದರಿಗೆ ಬರುವುದಿಲ್ಲ, ಅಲ್ವಾ? 5 ಗಂಟೆಗೇ ಸಂದೇಶ ಸತ್ತರೆ ಯಾವ ರೌಟರ್ ಹಾಕಿದರೂ ದಡ ಮುಟ್ಟುವುದು ಕಷ್ಟ. ಆಮೇಲೆ ಪ್ರೋಟೊಕಾಲನ್ನು ಬೈದು ಏನು ಪ್ರಯೋಜನ! ಟಿಟಿಎಲ್ ಏರಿಸಿದರೆ ಬಫರ್ (ಸಂದೇಶ ಇಟ್ಟುಕೊಳ್ಳುವ ಜಾಗ) ಕೂಡ ನೋಡಿ, ಡಿಫಾಲ್ಟ್ 5 ಎಂಬಿ ಅಷ್ಟೇ. ಎದುರಾದವರಿಗೆಲ್ಲ ಪ್ರತಿ ಹಂಚುವ ಎಪಿಡೆಮಿಕ್ ಅದನ್ನು ಬೇಗ ತುಂಬಿಸುತ್ತದೆ.

ರ್‍ಯಾಂಡಮ್ ವೇಪಾಯಿಂಟ್ (ಮನಬಂದ ಕಡೆ ಚಲಿಸುವ ಮಾದರಿ) ಬಿಡಿ, ಬೋಟ್ ಸುಮ್ನೆ ಅಲೆಯುವುದಿಲ್ಲ. ಗುರುತಿನ ಬೋಟಿನವರಿಂದ ಜಿಪಿಎಸ್ ಲಾಗ್ ಸಿಕ್ಕರೆ ಒನ್‌ನ ಎಕ್ಸ್‌ಟರ್ನಲ್ ಮೂವ್‌ಮೆಂಟ್‌ಗೆ (ಹೊರಗಿನ ಫೈಲಿನಿಂದ ಚಲನೆ ಓದುವ ಮಾದರಿ) ಕೊಡಿ. ಅಂದಹಾಗೆ, ಒನ್ ನೋಡುವುದು ದೂರವನ್ನು ಮಾತ್ರ. ಅಲೆ, ಆಂಟೆನಾ ಎತ್ತರದಿಂದ ಸಿಗ್ನಲ್ ಹೇಗೆ ಕುಗ್ಗುತ್ತದೆ ಅಂತ ಗೈಡ್ ಕೇಳಿದರೆ ಆಗ ಎನ್‌ಎಸ್-3 ಹತ್ತಿರ ಹೋಗಿ.