ಅಪ್ಪನ ಕೈ ನಡುಕ, ಚಿಕ್ಕದಾದ ಹೆಜ್ಜೆ: ಇದು ವಯಸ್ಸಾ, ಕಾಯಿಲೆಯಾ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪನಿಗೆ 71 ವರ್ಷ, ದಾವಣಗೆರೆಯಲ್ಲೇ ಇದ್ದಾರೆ. ಬಲಗೈ ನಡುಗುತ್ತದೆ, ಅಂಗಿ ಗುಂಡಿ ಹಾಕಿಕೊಳ್ಳಲು ತುಂಬಾ ಹೊತ್ತು ಬೇಕು, ಹೆಜ್ಜೆ ಚಿಕ್ಕದಾಗಿದೆ. ಮನೆಯಲ್ಲಿ ಎಲ್ಲರೂ "ವಯಸ್ಸಾಯ್ತು ಬಿಡು" ಅನ್ನುತ್ತಾರೆ. ಇದು ವಯಸ್ಸಾ, ಕಾಯಿಲೆಯಾ, ಸಂಶೋಧನೆ ಏನು ಹೇಳುತ್ತದೆ ಅಂತ ಕೇಳಿದ್ದೀರಿ.

ನಾನು ಇದೇ ಊರಿನಲ್ಲಿ 15 ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಕಾಯಿಲೆ ಇಂಥದ್ದು ಅಂತ ಹೇಳುವುದು ನರರೋಗ ತಜ್ಞರ ಕೆಲಸ, ನನ್ನದಲ್ಲ. ಆದರೆ ಅವರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಏನು ನೋಡಬೇಕು ಅಂತ ಹೇಳಬಲ್ಲೆ. ಇದನ್ನು ನಾನು ಕಲಿತಿದ್ದು ಕಾಲೇಜಿನಲ್ಲಿ ಕಡಿಮೆ, ನಮ್ಮ ಮನೆಯಲ್ಲೇ ಜಾಸ್ತಿ.

ನನ್ನ ಸೋದರಮಾವ ಬೆಣ್ಣೆದೋಸೆ ಹಾಕುತ್ತಿದ್ದವರು. ಮೂವತ್ತು ವರ್ಷ ಸೌದೆ ಒಲೆ ಮುಂದೆ ನಿಂತವರು. ಬಟ್ಟಲಲ್ಲಿ ಹಿಟ್ಟು ಮೊಗೆದು ಹಂಚಿನ ಮೇಲೆ ಸುರಿದು, ಬಟ್ಟಲ ತಳದಿಂದಲೇ ಸುತ್ತುತ್ತಾ ಅಗಲ ಮಾಡುತ್ತಿದ್ದರು. ಹಂಚಿನ ತುಂಬಾ ದೋಸೆ, ಎಲ್ಲವೂ ಒಂದೇ ಅಳತೆ. 59ನೇ ವಯಸ್ಸಿಗೆ ಬಲಭುಜ ಹಿಡಿದುಕೊಂಡಿತು. ಕೈ ಮೇಲೆತ್ತಲು ಆಗುತ್ತಿರಲಿಲ್ಲ. ನನ್ನ ಹತ್ತಿರವೇ ಬಂದರು. ಈ ವಯಸ್ಸಿಗೆ ಭುಜ ಹಿಡಿಯುವುದು ಇದ್ದದ್ದೇ ಅಂದುಕೊಂಡು ನಾನು ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ. ಹೀಗೇ ಒಂದು ವರ್ಷ ಹೋಯಿತು.

ಒಂದು ದಿನ ಬೆಳಗ್ಗೆ ತಿಂಡಿಗೆ ಹೋದಾಗ ಒಲೆ ಪಕ್ಕದಲ್ಲೇ ನಿಂತಿದ್ದೆ. ಮೊದಲನೇ ದೋಸೆ ಸರಿಯಾಗಿ ಬಿತ್ತು. ಎರಡನೆಯದು ಒಂದು ಬೆರಳಿನಷ್ಟು ಚಿಕ್ಕದು. ಮೂರನೆಯದು ಇನ್ನೂ ಚಿಕ್ಕದು, ದಪ್ಪ. ಆರನೆಯದು ಅಂಗೈಯಗಲ ಆಗಿತ್ತು. ಕೈ ನಡುಗುತ್ತಲೇ ಇರಲಿಲ್ಲ. ಬಟ್ಟಲು ಸುತ್ತುವ ಸುತ್ತು ಮಾತ್ರ ಸಣ್ಣದಾಗುತ್ತಾ ಹೋಗುತ್ತಿತ್ತು. "ಮಾವ, ದೋಸೆ ಯಾಕೆ ಚಿಕ್ಕದಾಗ್ತಿದೆ?" ಅಂದೆ. "ಎಲ್ಲಿ ಚಿಕ್ಕದೋ? ಎಲ್ಲಾ ಅಷ್ಟೇ ಅದಾವಲ್ಲ" ಅಂದರು. ಸುಳ್ಳು ಹೇಳಲಿಲ್ಲ ಅವರು. ಅವರ ಕಣ್ಣಿಗೆ, ಅವರ ಕೈಗೆ ಅದು ಮೊದಲಿನಷ್ಟೇ ಇತ್ತು. ಆಗ ನನಗೆ ಎದೆ ಧಸಕ್ ಅಂತು. ಒಂದು ವರ್ಷ ನಾನು ಭುಜ ನೋಡಿದ್ದೆ, ಕೈಯ ಚಲನೆ ನೋಡಿರಲಿಲ್ಲ.

ಅದು ಪಾರ್ಕಿನ್ಸನ್ ಕಾಯಿಲೆ. ಭುಜ ಹಿಡಿದುಕೊಳ್ಳುವುದು ಅದರ ಮೊದಲ ಗುರುತೂ ಆಗಿರಬಹುದು, ನಡುಕ ಬರುವುದಕ್ಕೂ ಮುಂಚೆ. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ಕೇಳಿದಾಗ ಇನ್ನಷ್ಟು ಹೊರಬಂತು. ಬೆಣ್ಣೆ ಕಾಯುವ ವಾಸನೆ ಮಾವನಿಗೆ ಎಷ್ಟೋ ವರ್ಷದಿಂದ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲೇ ಕೂಗಿ, ಕೈಕಾಲು ಬೀಸುತ್ತಿದ್ದರು. ಮಲಬದ್ಧತೆ ಇತ್ತು. ಈ ಮೂರೂ ನಡಿಗೆ ಕೆಡುವ ಎಷ್ಟೋ ವರ್ಷ ಮುಂಚೆಯೇ ಕಾಣಿಸಿಕೊಳ್ಳಬಹುದು ಅಂತ ಸಂಶೋಧನೆಗಳು ತೋರಿಸಿವೆ. ನಿಮ್ಮ ಅಮ್ಮನನ್ನು ಇದನ್ನೆಲ್ಲ ಒಮ್ಮೆ ಕೇಳಿ. ಅಪ್ಪನನ್ನು ಕೇಳಿದರೆ "ಏನೂ ಇಲ್ಲ" ಅಂತಾರೆ.

ಚಲನೆ ಯಾಕೆ ಹೀಗೆ ಕುಗ್ಗುತ್ತದೆ? ಮೆದುಳಿನ ಆಳದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಅನ್ನುವ ರಾಸಾಯನಿಕ ಮಾಡುತ್ತವೆ. ಇಷ್ಟು ದೊಡ್ಡದಾಗಿ, ಇಷ್ಟು ಬೇಗ ಮಾಡು ಅಂತ ಕೈಕಾಲಿಗೆ ಹುರುಪು ಸಿಗುವುದು ಇದರಿಂದ. ಆ ಜೀವಕೋಶಗಳು ಸಾಯುತ್ತಾ ಬಂದಂತೆ ಚಲನೆ ಕುಗ್ಗುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ ಡೋಪಮೈನ್ ಮಹತ್ವ ತೋರಿಸಿದರು. ಔಷಧ ಕೊಟ್ಟು ಡೋಪಮೈನ್ ಇಳಿಸಿದ್ದರಿಂದ ಅಲ್ಲಾಡದೆ ಬಿದ್ದಿದ್ದ ಮೊಲಗಳು, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪ ಕೊಟ್ಟ ಮೇಲೆ ಎದ್ದು ಓಡಾಡಿದವು. 2000ನೇ ಇಸವಿಯಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಪಾರ್ಕಿನ್ಸನ್‌ಗೆ ಮುಖ್ಯ ಔಷಧ ಅದೇ ಲೆವೊಡೋಪ.

ಈಗ ವಯಸ್ಸಿನ ವಿಷಯ. ವಯಸ್ಸಾದರೆ ಎಲ್ಲರೂ ನಿಧಾನ ಆಗುತ್ತಾರೆ, ಅದು ನಿಜ. ಥಟ್ಟನೆ ಬಲ ಹಾಕುವ ಸ್ನಾಯುವಿನ ಎಳೆಗಳು ಮೊದಲು ಸವೆಯುತ್ತವೆ. ನರದ ಸಂದೇಶ ನಿಧಾನವಾಗುತ್ತದೆ. ಕಿವಿಯೊಳಗಿನ ಸಮತೋಲನದ ಭಾಗ, ಪಾದದ ಸ್ಪರ್ಶ, ಕಣ್ಣು ಎಲ್ಲವೂ ಸ್ವಲ್ಪ ಸ್ವಲ್ಪ ಮಂಕಾಗುತ್ತವೆ. ಮೊದಲು ಯೋಚನೆಯೇ ಇಲ್ಲದೆ ನಡೆಯುತ್ತಿದ್ದ ಕೆಲಸಕ್ಕೆ ಮೆದುಳು ಗಮನ ಕೊಡಬೇಕಾಗುತ್ತದೆ. ಆದರೆ ವಯಸ್ಸು ಸಾಮಾನ್ಯವಾಗಿ ಎರಡೂ ಕಡೆಗೆ ಒಟ್ಟಿಗೆ ಬರುತ್ತದೆ. ಬರೀ ಬಲಗೈಗೆ ವಯಸ್ಸಾಗುವುದಿಲ್ಲ, ಅಲ್ವಾ? ನೀವು ಬರೆದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ "ಬಲಗೈ" ಅನ್ನುವ ಪದ.

ಹಾಗಂತ ನಡುಕ ಅಂದ ಕೂಡಲೇ ಪಾರ್ಕಿನ್ಸನ್ ಅಂತ ಹೆದರಬೇಡಿ. ಟಿವಿ ನೋಡುತ್ತಾ ಕೈಯನ್ನು ತೊಡೆ ಮೇಲೆ ಸುಮ್ನೆ ಇಟ್ಟಾಗ ನಡುಗುತ್ತದಾ, ಇಲ್ಲ ಚಹಾದ ಲೋಟ ಎತ್ತಿದಾಗ ನಡುಗುತ್ತದಾ ಅಂತ ಗಮನಿಸಿ. ಸುಮ್ನೆ ಇದ್ದಾಗ ನಡುಗಿ, ಕೆಲಸಕ್ಕೆ ಕೈ ಹಾಕಿದಾಗ ಕಡಿಮೆಯಾದರೆ ಪಾರ್ಕಿನ್ಸನ್ ಕಡೆಗೆ ಬೆರಳು ತೋರಿಸುತ್ತದೆ. ಲೋಟ ಎತ್ತಿದಾಗ, ಸಹಿ ಮಾಡುವಾಗ, ಎರಡೂ ಕೈ ನಡುಗಿದರೆ ಅದು ಬೇರೆ ಜಾತಿಯ ನಡುಕ. ಎಷ್ಟೋ ಮನೆಗಳಲ್ಲಿ ಅಜ್ಜ, ಅಪ್ಪ, ಮಗ ಅಂತ ಬರುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತದೆ.

ಇನ್ನೊಂದು ಥರ ಇದೆ, ಅದರಲ್ಲಿ ಚಲನೆ ಕುಗ್ಗುವುದಿಲ್ಲ, ಗುರಿ ತಪ್ಪುತ್ತದೆ. ಚಿತ್ರದುರ್ಗದ ಕಡೆಯಿಂದ ಕಂಬಳಿ ನೇಯುವ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಲಾಳಿ ಹಿಡಿಯಲು ಕೈ ಚಾಚಿದರೆ ಕೈ ಲಾಳಿ ದಾಟಿ ಮುಂದೆ ಹೋಗಿಬಿಡುತ್ತಿತ್ತು. ಹಿಂದಕ್ಕೆ ತಂದರೆ ಈ ಕಡೆ ಜಾಸ್ತಿ ಬರುತ್ತಿತ್ತು. ಗುರಿ ಹತ್ತಿರವಾದಷ್ಟೂ ಓಲಾಟ ಹೆಚ್ಚು. ನಡೆಯುವಾಗ ಕಾಲು ಅಗಲ ಇಟ್ಟು, ಕುಡಿದವರ ಹಾಗೆ ತೂರಾಡುತ್ತಿದ್ದರು. ಅವರು ಕುಡಿಯುತ್ತಿರಲಿಲ್ಲ, ಆದರೂ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಇದು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ ತೊಂದರೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಇದನ್ನೆಲ್ಲ ವಿವರವಾಗಿ ಬರೆದಿಟ್ಟರು. ಗಾಯವಾದ ಕಡೆಯ ಕೈ ಮಾತ್ರ ಗುರಿ ತಪ್ಪುತ್ತಿತ್ತು, ಇನ್ನೊಂದು ಸರಿ ಇರುತ್ತಿತ್ತು. ಮೂಗು ಮುಟ್ಟಿ ನನ್ನ ಬೆರಳು ಮುಟ್ಟಿ ಅಂತ ಡಾಕ್ಟರ್ ಹೇಳುತ್ತಾರಲ್ಲ, ಅದು ಇದನ್ನು ನೋಡುವುದಕ್ಕೇ.

ಮುಖ ತೊಳೆಯುವಾಗ ಅಪ್ಪ ವಾಲುತ್ತಾರಾ ನೋಡಿ. ಕಣ್ಣು ಮುಚ್ಚಿದ ತಕ್ಷಣ ವಾಲಿ, ಬೇಸಿನ್ ಹಿಡಿದುಕೊಂಡರೆ ಪಾದದಿಂದ ಮೇಲೆ ಸುದ್ದಿ ಸರಿಯಾಗಿ ಹೋಗುತ್ತಿಲ್ಲ ಅನ್ನಬಹುದು. ಸಕ್ಕರೆ ಕಾಯಿಲೆಯಿಂದ ಆಗಬಹುದು, ವಿಟಮಿನ್ ಬಿ12 ಕೊರತೆಯಿಂದಲೂ ಆಗಬಹುದು. ನಮ್ಮ ಕಡೆ ಮಾಂಸ, ಮೊಟ್ಟೆ ತಿನ್ನದವರೂ ಬಹಳ ಇದ್ದಾರೆ, ಅವರಿಗೆ ಬಿ12 ಕಡಿಮೆ ಸಿಗುತ್ತದೆ. ಅದರ ಮೇಲೆ ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇನ್ನೂ ಇಳಿಯಬಹುದು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಹಿಡಿದರೆ ಇಂಜೆಕ್ಷನ್ನಿನಲ್ಲಿ ಸುಧಾರಿಸುತ್ತದೆ. ಇಂಥದ್ದನ್ನೂ "ವಯಸ್ಸಾಯ್ತು" ಅಂತ ಬಿಟ್ಟವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮಾತ್ರೆಗಳ ಬಗ್ಗೆ ಒತ್ತಿ ಹೇಳುತ್ತೇನೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲೂನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಪಾರ್ಕಿನ್ಸನ್ ಥರದ್ದೇ ಲಕ್ಷಣ ತರಬಲ್ಲವು. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳು ತರುವ ಅಭ್ಯಾಸ ನಮ್ಮಲ್ಲಿದೆ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ ಒಂದು ಕವರಿಗೆ ಹಾಕಿಕೊಂಡು ಹೋಗಿ. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ.

ಬೀಳುವ ಭಯ ಇದ್ದರೆ ಒಂದು ಸುಲಭದ ವಿಷಯ ಗಮನಿಸಿ. ಕುಂದವಾಡ ಕೆರೆ ಏರಿ ಮೇಲೆ ಅಪ್ಪನ ಜೊತೆ ವಾಕಿಂಗ್ ಹೋಗಿ, ನಡೆಯುತ್ತಲೇ ಮಾತಾಡಿಸಿ. ಉತ್ತರ ಕೊಡಲು ನಿಂತುಬಿಡುತ್ತಾರಾ? 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೇ ನೋಡಿದ್ದರು. ಆಶ್ರಯಧಾಮದಲ್ಲಿದ್ದ 58 ಹಿರಿಯರಲ್ಲಿ 12 ಜನ ಮಾತಿಗೆ ಶುರು ಮಾಡಿದ ತಕ್ಷಣ ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ನಡಿಗೆಗೇ ಪೂರ್ತಿ ಗಮನ ಬೇಕಾದಾಗ ಮಾತಿಗೆ ಗಮನ ಉಳಿಯುವುದಿಲ್ಲ. ಅಂಥವರಿಗೆ ರಸ್ತೆ ದಾಟುವಾಗ ಫೋನ್ ಮಾಡಬೇಡಿ, ಹಿಂದಿನಿಂದ ಕೂಗಬೇಡಿ.

ಏನು ಮಾಡಿದರೆ ಸುಧಾರಿಸುತ್ತದೆ ಅನ್ನುವ ಕಡೆ ಬಂದರೆ, ನನಗೆ ತುಂಬಾ ಧೈರ್ಯ ಕೊಟ್ಟಿದ್ದು ನೆದರ್ಲೆಂಡ್ಸ್‌ನಿಂದ ಬಂದ ಒಂದು ವರದಿ. 2010ರಲ್ಲಿ ಬಾಸ್ ಬ್ಲೂಮ್ ಅನ್ನುವ ನರರೋಗ ತಜ್ಞರು 58 ವರ್ಷದ ಒಬ್ಬರ ಬಗ್ಗೆ ಬರೆದರು. ಹತ್ತು ವರ್ಷದ ಪಾರ್ಕಿನ್ಸನ್. ಎರಡು ಹೆಜ್ಜೆ ಹಾಕುವುದರೊಳಗೆ ಕಾಲು ನೆಲಕ್ಕೆ ಅಂಟಿಕೊಂಡು ಬೀಳುತ್ತಿದ್ದರು. ಅದೇ ಮನುಷ್ಯ ಸೈಕಲ್ ಹತ್ತಿದರೆ ಆರಾಮಾಗಿ ತುಳಿದುಕೊಂಡು ಹೋಗುತ್ತಿದ್ದರು. ಇಳಿದರೆ ಮತ್ತೆ ಅದೇ ಅಂಟು. ಅಂದರೆ ಕಾಲಿನ ಶಕ್ತಿ ಹೋಗಿರಲಿಲ್ಲ. ತಾನಾಗೇ ಶುರುವಾಗುವ ದಾರಿ ಮುಚ್ಚಿತ್ತು, ಹೊರಗಿನಿಂದ ಒಂದು ತಾಳ ಸಿಕ್ಕಿದರೆ ಬೇರೆ ದಾರಿಯಲ್ಲಿ ಚಲನೆ ಬರುತ್ತಿತ್ತು. ನಿಮ್ಮ ಅಪ್ಪನನ್ನು ಸೈಕಲ್ ಹತ್ತಿಸಿ ರಸ್ತೆಗೆ ಬಿಡಿ ಅಂತ ಹೇಳುತ್ತಿಲ್ಲ. ಕೂತು ತುಳಿಯುವ ವ್ಯಾಯಾಮದ ಸೈಕಲ್ ಸಾಕು.

ನಮ್ಮ ಮಾವನಿಗೂ ಬಚ್ಚಲ ಬಾಗಿಲಲ್ಲಿ ಕಾಲು ಅಂಟುತ್ತಿತ್ತು. ಹಜಾರದಿಂದ ಬಚ್ಚಲವರೆಗೆ ನೆಲದ ಮೇಲೆ ಹೆಜ್ಜೆಗೊಂದರಂತೆ ಬಿಳಿ ಟೇಪು ಅಡ್ಡಡ್ಡ ಅಂಟಿಸಿದೆ. ಗೆರೆ ದಾಟುವುದು ಅಂತ ಕಂಡ ಕೂಡಲೇ ಕಾಲು ಎದ್ದಿತು. ಅತ್ತೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಇಟ್ಟುಕೊಂಡು ಅತ್ತುಬಿಟ್ಟರು. ಮಾವ ಊರಿನ ಭಜನೆಯಲ್ಲಿ ತಾಳ ಹಾಕುತ್ತಿದ್ದವರು. ಈಗ ಹೊರಗೆ ಹೋದಾಗ ಕಾಲು ನಿಂತರೆ ಮನಸ್ಸಿನಲ್ಲೇ ತಾಳ ಹಾಕಿಕೊಂಡು ಹೆಜ್ಜೆ ಎತ್ತುತ್ತಾರೆ. ಜೊತೆಗೆ ದಿನಾ ಒಂದು ಗಂಟೆ ದೊಡ್ಡ ಚಲನೆಯ ವ್ಯಾಯಾಮ ಮಾಡಿಸುತ್ತೇನೆ. ಕೈ ಪೂರ್ತಿ ಚಾಚು, ಹೆಜ್ಜೆ ಅತಿ ಅನಿಸುವಷ್ಟು ದೊಡ್ಡದು ಹಾಕು. ಅವರಿಗೆ "ಅತಿ" ಅನಿಸಿದ್ದು ನಮ್ಮ ಕಣ್ಣಿಗೆ ಸರಿಯಾದ ಅಳತೆ ಇರುತ್ತದೆ. ಅಮೆರಿಕದಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಸಲದಂತೆ ಆರು ತಿಂಗಳು ತೈಚಿ ಅನ್ನುವ ಚೀನಾದ ನಿಧಾನ ಚಲನೆಯ ವ್ಯಾಯಾಮ ಮಾಡಿದವರಿಗೆ ಸಮತೋಲನ ಸುಧಾರಿಸಿತ್ತು. ತೈಚಿ ಇಲ್ಲಿ ಕಲಿಸುವವರು ಸಿಗದಿದ್ದರೆ ಪರವಾಗಿಲ್ಲ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸುವುದು ಅದರ ತಿರುಳು. ಅದನ್ನು ಯಾವ ಫಿಸಿಯೋಥೆರಪಿಸ್ಟ್ ಬೇಕಾದರೂ ಗೋಡೆ ಪಕ್ಕ ನಿಲ್ಲಿಸಿ ಕಲಿಸುತ್ತಾರೆ.

ನಸುಗುನ್ನಿ ಬೀಜದ ಪುಡಿ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ನಿಜವಾಗಿಯೂ ಲೆವೊಡೋಪ ಇದೆ. ಅದಕ್ಕೇ ಡಾಕ್ಟರಿಗೆ ಹೇಳದೆ ಮಾತ್ರೆ ಜೊತೆ ಸೇರಿಸಬೇಡಿ, ಲೆಕ್ಕ ತಪ್ಪುತ್ತದೆ. ಲೆವೊಡೋಪ ಶುರುವಾದರೆ ಊಟಕ್ಕೆ ಎಷ್ಟು ಮೊದಲು ತೆಗೆದುಕೊಳ್ಳಬೇಕು ಅಂತ ಕೇಳಿಕೊಳ್ಳಿ. ಬೇಳೆ, ಹಾಲು, ಮೊಸರಿನ ಪ್ರೋಟೀನ್ ಅದು ಮೈಗೆ ಹತ್ತುವುದಕ್ಕೆ ಅಡ್ಡ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಇವೆಲ್ಲ ತಿಂಗಳುಗಟ್ಟಲೆ ನಿಧಾನವಾಗಿ ಬರುವಂಥವು. ಇದ್ದಕ್ಕಿದ್ದ ಹಾಗೆ ಒಂದು ಕೈ ಬಿದ್ದುಹೋದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಲಕ್ವ ಇರಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಗ ನಾಟಿ ಔಷಧಿ ಅಂತ ಊರೂರು ಅಲೆಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ.

1817ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಬರೆದಿದ್ದು ಬರೀ ಆರು ಜನರ ಬಗ್ಗೆ. ಅವರಲ್ಲಿ ಕೆಲವರನ್ನು ಅವರು ನೋಡಿದ್ದು ಬೀದಿಯಲ್ಲಿ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ನಡಿಗೆ ನೋಡಿಯೇ ಹಿಡಿದರು. ನಿಮ್ಮ ಕೈಯಲ್ಲಿ ಫೋನ್ ಇದೆ. ಅಪ್ಪನಿಗೆ ಹೇಳಿ, ಒಪ್ಪಿಸಿ, ಮೂರು ಚಿಕ್ಕ ವಿಡಿಯೊ ತೆಗೆಯಿರಿ. ಒಂದರಲ್ಲಿ ಅವರು ಕುರ್ಚಿಯಿಂದ ಎದ್ದು, ಹತ್ತು ಹೆಜ್ಜೆ ನಡೆದು, ತಿರುಗಿ ಬರಲಿ. ಪಾದ, ಎರಡೂ ಕೈ ಪೂರ್ತಿ ಕಾಣಬೇಕು. ನಡೆಯುವಾಗ ಬಲಗೈ ಬೀಸುತ್ತದಾ, ತಿರುಗುವಾಗ ಎಷ್ಟು ಪುಟ್ಟ ಹೆಜ್ಜೆ ಇಡುತ್ತಾರೆ ಅಂತ ಡಾಕ್ಟರ್ ನೋಡುತ್ತಾರೆ. ಎರಡನೆಯದರಲ್ಲಿ ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗ ಬೇಗ ಹತ್ತು ಸಲ ತಟ್ಟಲಿ, ಒಂದೊಂದೇ ಕೈ. ತಟ್ಟುತ್ತಾ ತಟ್ಟುತ್ತಾ ಅಗಲ ಕುಗ್ಗುತ್ತದಾ ಅನ್ನುವುದು ಮುಖ್ಯ. ಮೂರನೆಯದು ಗುಂಡಿ ಹಾಕಿಕೊಳ್ಳುವುದು. ಆಗ ಸಹಾಯಕ್ಕೆ ನಿಮ್ಮ ಕೈ ಮುಂದೆ ಹೋಗುತ್ತದೆ, ನನಗೂ ಹೋಗುತ್ತಿತ್ತು. ವಿಡಿಯೊ ಮುಗಿಯುವವರೆಗೆ ತಡೆದುಕೊಳ್ಳಿ.