ಹಾಸನದ ಪ್ಲಂಬಿಂಗ್ ಕೆಲಸಕ್ಕೆ 35 ಸಾವಿರದ ವೆಬ್‌ಸೈಟ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿ ಪ್ಲಂಬಿಂಗ್ ಮತ್ತು ಮೋಟಾರ್ ರಿಪೇರಿ ಕೆಲಸ ಮಾಡುತ್ತೀರಿ, ಜೊತೆಗೆ ಇಬ್ಬರು ಹುಡುಗರಿದ್ದಾರೆ. ವೆಬ್‌ಸೈಟ್ ಮತ್ತು ಆರು ತಿಂಗಳ ‘ಡಿಜಿಟಲ್ ಮಾರ್ಕೆಟಿಂಗ್’ ಸೇರಿಸಿ ಒಬ್ಬರು 35,000 ರೂಪಾಯಿ ಕೇಳಿದ್ದಾರೆ. ಕೊಡಬಹುದಾ, ಇಲ್ಲ ಕಡಿಮೆ ಖರ್ಚಿನ ದಾರಿ ಬೇರೆ ಇದೆಯಾ?

ಈಗಲೇ ಕೊಡಬೇಡಿ. ನಾನು ಮೈಸೂರಿನಲ್ಲಿ ಇದೇ ಕೆಲಸದವನು, ಹದಿನಾಲ್ಕು ವರ್ಷ ಆಯಿತು. ಈ ವೆಬ್‌ಸೈಟ್ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

2018ರಲ್ಲಿ 18 ಸಾವಿರ ಕೊಟ್ಟು ಒಂದು ವೆಬ್‌ಸೈಟ್ ಮಾಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಮೇಲ್ಗಡೆ ಒಂದಾದ ಮೇಲೊಂದು ಫೋಟೋ ಜಾರುತ್ತಿದ್ದವು. ಅದರಲ್ಲಿದ್ದ ಪ್ಲಂಬರ್ ಯಾರೋ ಬಿಳಿಯ, ತಲೆಗೆ ಹಳದಿ ಹೆಲ್ಮೆಟ್. ನಮ್ಮ ಕುವೆಂಪುನಗರದಲ್ಲಿ ಯಾರು ಹೆಲ್ಮೆಟ್ ಹಾಕಿಕೊಂಡು ನೀರಿನ ಸಂಪಿನೊಳಗೆ ಇಳಿಯುತ್ತಾರೆ ಹೇಳಿ? ಇಡೀ ವರ್ಷದಲ್ಲಿ ಅದನ್ನು ನೋಡಿ ಬಂದ ಫೋನು ಮೂರು. ಅದರಲ್ಲೊಂದು, ಲೋನ್ ಬೇಕಾ ಸಾರ್ ಅಂತ. ಎರಡನೇ ವರ್ಷ ರಿನ್ಯೂವಲ್‌ಗೆ 9 ಸಾವಿರ ಕೇಳಿದರು. ಡೊಮೇನ್‌ಗೆ, ಅಂದರೆ ವೆಬ್‌ಸೈಟಿನ ವಿಳಾಸಕ್ಕೆ, ವರ್ಷಕ್ಕೆ ಸಾವಿರದೊಳಗೆ ಆಗುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ‘ನಾನೇ ಕಟ್ಟಿಕೊಳ್ಳುತ್ತೇನೆ, ಪಾಸ್‌ವರ್ಡ್ ಕೊಡಿ’ ಅಂದೆ. ಆಗ ತಿಳಿಯಿತು, ಡೊಮೇನ್ ಇದ್ದದ್ದು ಅವರ ಹೆಸರಲ್ಲಿ, ಅವರ ಇಮೇಲ್‌ನಲ್ಲಿ. ಜಗಳ ಆಡಿ ಸಾಕಾಗಿ ಬಿಟ್ಟುಬಿಟ್ಟೆ. ಆ ವಿಳಾಸ ಅಚ್ಚು ಹಾಕಿಸಿದ್ದ ವಿಸಿಟಿಂಗ್ ಕಾರ್ಡುಗಳ ಹಿಂದುಗಡೆ ಇವತ್ತಿಗೂ ಪೈಪಿನ ಅಳತೆ ಬರೆದುಕೊಳ್ಳುತ್ತಿದ್ದೇನೆ.

ಈಗ ನಮ್ಮ ಗಿರಾಕಿ ಹೇಗೆ ಹುಡುಕುತ್ತಾನೆ ನೋಡಿ. ಬೆಳಿಗ್ಗೆ ಏಳು ಗಂಟೆ, ಮೋಟಾರ್ ಓಡುತ್ತಿದೆ, ಟ್ಯಾಂಕಿಗೆ ನೀರು ಏರುತ್ತಿಲ್ಲ. ಅವನು ಫೋನ್ ತೆಗೆದು ‘ಪ್ಲಂಬರ್ ನಿಯರ್ ಮಿ’ ಅಂತ ಒತ್ತುತ್ತಾನೆ. ಮ್ಯಾಪಿನ ಜೊತೆ ಮೂರು ಹೆಸರು ಬರುತ್ತವೆ. ಎಷ್ಟು ಸ್ಟಾರ್ ಇದೆ ನೋಡುತ್ತಾನೆ, ಒಂದೆರಡು ಫೋಟೋ ನೋಡುತ್ತಾನೆ, ಫೋನ್ ಮಾಡುತ್ತಾನೆ. ವೆಬ್‌ಸೈಟ್ ತೆರೆದು ‘ನಮ್ಮ ಬಗ್ಗೆ’ ಓದುವಷ್ಟು ಪುರುಸೊತ್ತು ಯಾರಿಗಿದೆ? ಆ ಮೂರು ಹೆಸರಿನ ಪಟ್ಟಿಗೆ ಸೇರಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರ ತನಕ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತಿತ್ತು. ಪೂರ್ತಿ ಉಚಿತ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಲಿಸ್ಟಿಂಗ್ ಎಕ್ಸ್‌ಪೈರ್ ಆಗ್ತಿದೆ, ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಸುಮ್ನೆ ಇಟ್ಟುಬಿಡಿ. ಓಟಿಪಿ ಅಂತೂ ಯಾರಿಗೂ ಹೇಳಬೇಡಿ.

ನಿಮ್ಮ ಸ್ವಂತ ಜಿಮೇಲ್‌ನಿಂದಲೇ ಪ್ರೊಫೈಲ್ ಮಾಡಿ. ಅಂಗಡಿಯ ಹೆಸರು ಬೋರ್ಡಿನಲ್ಲಿ ಹೇಗಿದೆಯೋ ಹಾಗೇ ಹಾಕಿ. ‘ಬೆಸ್ಟ್ ಪ್ಲಂಬರ್ ಹಾಸನ 24 ಗಂಟೆ ಮೋಟಾರ್ ರಿಪೇರಿ’ ಅಂತೆಲ್ಲ ಹೆಸರಿಗೆ ಬಾಲ ಕಟ್ಟುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲೇ ತಡೆಹಿಡಿಯಬಹುದು. ಮುಖ್ಯ ವಿಭಾಗ ‘ಪ್ಲಂಬರ್’ ಇರಲಿ, ಮೋಟಾರ್ ರಿಪೇರಿಯನ್ನು ಹೆಚ್ಚುವರಿ ವಿಭಾಗದಲ್ಲಿ ಸೇರಿಸಿ. ಸೇವೆಗಳ ಪಟ್ಟಿಯಲ್ಲಿ ಒಂದೊಂದೇ ಕೆಲಸ ಬಿಡಿಸಿ ಬರೆಯಿರಿ: ಸಂಪು ಕ್ಲೀನಿಂಗ್, ಗೀಸರ್ ಫಿಟ್ಟಿಂಗ್, ಗೋಡೆಯೊಳಗಿನ ಲೀಕೇಜ್, ಕಟ್ಟಿಕೊಂಡ ಪೈಪು, ಸಬ್‌ಮರ್ಸಿಬಲ್ ಎತ್ತುವುದು. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಜನ ಎರಡೂ ಥರ ಹುಡುಕುತ್ತಾರೆ.

ವೆರಿಫಿಕೇಷನ್, ಅಂದರೆ ಅಂಗಡಿ ನಿಮ್ಮದೇ ಅಂತ ಗೂಗಲ್ ಖಾತ್ರಿ ಮಾಡಿಕೊಳ್ಳುವ ಹಂತ, ಅದರ ಹತ್ತಿರ ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲು ಅಂಚೆಯಲ್ಲಿ ಪಿನ್ ನಂಬರ್ ಬರುತ್ತಿತ್ತು, ಈಗ ಜಾಸ್ತಿ ವಿಡಿಯೋ ಕೇಳುತ್ತಾರೆ. ನಿಲ್ಲಿಸದೆ ಒಂದೇ ವಿಡಿಯೋ ತೆಗೆಯಬೇಕು. ನಾನು ಮಾಡಿದ್ದು ಹೀಗೆ: ರಸ್ತೆಯ ಹೆಸರಿನ ಫಲಕದಿಂದ ಶುರು ಮಾಡಿದೆ, ಪಕ್ಕದ ಅಂಗಡಿ ಕಾಣಿಸುವ ಹಾಗೆ ನಡೆದು ಬಂದೆ, ನಮ್ಮ ಬೋರ್ಡು ತೋರಿಸಿದೆ, ಬೀಗ ತೆಗೆದು ಶಟರ್ ಎತ್ತಿದೆ, ಒಳಗೆ ಪೈಪ್ ರೆಂಚು, ಥ್ರೆಡ್ ಹಾಕುವ ಡೈ ಸೆಟ್ಟು, ರಿಪೇರಿಗೆ ಬಂದ ಮೋಟಾರು ತೋರಿಸಿದೆ. ಮೊದಲ ಸಲ ಬೋರ್ಡು ಸರಿಯಾಗಿ ಕಾಣಲಿಲ್ಲವೇನೋ, ತಿರಸ್ಕಾರ ಆಯಿತು. ಎರಡನೇ ಸಲ ಒಪ್ಪಿಕೊಂಡರು. ಬೋರ್ಡು ಹೊಸದಾಗಿ ಬರೆಸುವುದಿದ್ದರೆ ನೆನಪಿರಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಕಾಗದಪತ್ರ ಕೇಳಿದರೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಕೈಯಲ್ಲಿರುವುದು ಒಳ್ಳೆಯದು. ಅದಕ್ಕೂ ಸರ್ಕಾರದ ಪೋರ್ಟಲ್‌ನಲ್ಲಿ ಒಂದು ರೂಪಾಯಿ ಶುಲ್ಕವಿಲ್ಲ.

ಇನ್ನು ಫೋಟೋ. ಇಂಟರ್‌ನೆಟ್‌ನಿಂದ ತೆಗೆದ ಚಂದದ ಬಾತ್‌ರೂಮ್ ಬೇಡ. ತುಕ್ಕು ಹಿಡಿದ ಹಳೇ ಜಿಐ ಪೈಪು, ಅದೇ ಜಾಗದಲ್ಲಿ ನೀವು ಕೂರಿಸಿದ ಸಿಪಿವಿಸಿ ಪೈಪು, ಹೀಗೆ ಕೆಲಸಕ್ಕೆ ಮೊದಲು, ಕೆಲಸ ಆದ ಮೇಲೆ ಅಂತ ಜೋಡಿ ಫೋಟೋ ಹಾಕಿ. ವಾರಕ್ಕೆ ಎರಡು ಸಾಕು. ಮನೆಯವರನ್ನು ಒಂದು ಮಾತು ಕೇಳಿ, ಅವರ ಮುಖ, ಮನೆ ನಂಬರ್ ಕಾಣದ ಹಾಗೆ ತೆಗೆಯಿರಿ. ನನಗೆ ಫೋನ್ ಮಾಡುವವರಲ್ಲಿ ಬಹಳ ಜನ ‘ಅದೇ, ಟೈಲ್ಸ್ ಒಡೆಯದೆ ಲೀಕೇಜ್ ತೆಗೆದಿದ್ದೀರಲ್ಲ, ಆ ಫೋಟೋ ನೋಡಿದೆ’ ಅಂತಲೇ ಮಾತು ಶುರು ಮಾಡುತ್ತಾರೆ.

ರಿವ್ಯೂ ಕೇಳಲು ನಾಚಿಕೆ ಪಡಬೇಡಿ. ನನಗೂ ಮೊದಲು ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತಿತ್ತು. ಪ್ರೊಫೈಲ್‌ನಲ್ಲೇ ರಿವ್ಯೂ ಲಿಂಕು, ಕ್ಯೂಆರ್ ಕೋಡು ಸಿಗುತ್ತದೆ. ಕೆಲಸ ಮುಗಿದು, ನಲ್ಲಿ ತಿರುಗಿಸಿ ನೀರು ಬಂದ ಆ ಗಳಿಗೆಯಲ್ಲೇ ಕೇಳಬೇಕು. ನಾಳೆ ಹಾಕುತ್ತೇನೆ ಅಂದವರು ಹಾಕುವುದಿಲ್ಲ. ಐದು ಸ್ಟಾರ್ ಕೊಟ್ಟರೆ ನೂರು ರೂಪಾಯಿ ಬಿಡುತ್ತೇನೆ ಅನ್ನುವುದು ಮಾತ್ರ ತಪ್ಪು, ನಿಯಮದಲ್ಲೂ ಅದಕ್ಕೆ ಅವಕಾಶವಿಲ್ಲ. ಭಾವಮೈದುನರೆಲ್ಲ ಒಂದೇ ದಿನ ಕೂತು ಬರೆದ ರಿವ್ಯೂಗಳೂ ಉಳಿಯುವುದಿಲ್ಲ (ನಮ್ಮದು ಏಳು ಹೋದವು, ಹೇಳಿಕೊಳ್ಳಲು ನಾಚಿಕೆ). ಒಬ್ಬರು ನನಗೆ ಒಂದೇ ಸ್ಟಾರ್ ಕೊಟ್ಟು ‘ಹತ್ತಕ್ಕೆ ಬರುತ್ತೇನೆಂದು ಒಂದಕ್ಕೆ ಬಂದ’ ಅಂತ ಬರೆದರು. ನಿಜವೇ. ‘ತಪ್ಪಾಯಿತು ಸಾರ್, ಹಿಂದಿನ ಮನೆಯಲ್ಲಿ ಪೈಪು ಒಡೆದು ತಡವಾಯಿತು, ಫೋನ್ ಮಾಡಬೇಕಿತ್ತು’ ಅಂತ ಉತ್ತರ ಬರೆದೆ. ಆ ಉತ್ತರ ಓದಿಯೇ ಕರೆದೆ ಅಂತ ಆಮೇಲೆ ಒಬ್ಬ ಮೇಡಂ ಹೇಳಿದರು.

ಇಷ್ಟೆಲ್ಲ ಮಾಡಿದರೂ ಊರಿಗೆಲ್ಲ ನೀವೇ ಮೊದಲು ಕಾಣುವುದಿಲ್ಲ. ಹುಡುಕಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರಿದೆ, ಈ ಮೂರನ್ನು ನೋಡುತ್ತೇವೆ ಅಂತ ಗೂಗಲ್ಲೇ ಹೇಳುತ್ತದೆ. ದುಡ್ಡು ಕೊಟ್ಟು ಆ ಪಟ್ಟಿಯಲ್ಲಿ ಮೇಲೇರಲು ಆಗುವುದಿಲ್ಲ ಅಂತಲೂ ಹೇಳುತ್ತದೆ. ಸಾಲಗಾಮೆ ರಸ್ತೆಯಲ್ಲಿ ಕೂತು ಹುಡುಕಿದವನಿಗೆ ಅಲ್ಲಿ ಹತ್ತಿರದ ಪ್ಲಂಬರ್ ಕಾಣುವುದೇ ಜಾಸ್ತಿ. ನಿಮ್ಮ 35 ಸಾವಿರದ ಪಟ್ಟಿಯಲ್ಲಿ ‘ಆರು ತಿಂಗಳಲ್ಲಿ ನಂಬರ್ ಒನ್ ಗ್ಯಾರಂಟಿ’ ಅಂತ ಇದ್ದರೆ, ಆ ಸಾಲು ಒಂದೇ ಸಾಕು, ಬೇಡ ಅನ್ನಲು.

ಎರಡನೆಯದು ವಾಟ್ಸಾಪ್ ಬಿಸಿನೆಸ್, ವ್ಯಾಪಾರದವರಿಗೆಂದೇ ಇರುವ ವಾಟ್ಸಾಪ್. ಇದೂ ಉಚಿತ. ನಮ್ಮ ಕಷ್ಟ ಏನು? ಕೈಯೆಲ್ಲ ಪೈಪು ಅಂಟಿಸುವ ಸೊಲ್ಯೂಷನ್ ಮೆತ್ತಿಕೊಂಡು ಏಣಿ ಮೇಲಿರುತ್ತೇವೆ, ಫೋನ್ ತೆಗೆಯಲು ಆಗುವುದಿಲ್ಲ. ಗಿರಾಕಿ ಕಾಯುವುದಿಲ್ಲ, ಪಟ್ಟಿಯಲ್ಲಿ ಮುಂದಿನವನಿಗೆ ಮಾಡುತ್ತಾನೆ. ಅದಕ್ಕೆ ವಾಟ್ಸಾಪಿನಲ್ಲಿ ಮೆಸೇಜ್ ಹಾಕಿದವರಿಗೆ ತಾನಾಗಿ ಹೋಗುವ ಉತ್ತರ ಇಟ್ಟಿದ್ದೇನೆ: ‘ಕೆಲಸದಲ್ಲಿದ್ದೇನೆ. ಯಾವ ಏರಿಯಾ, ಏನು ತೊಂದರೆ, ಒಂದು ಫೋಟೋ ಅಥವಾ ವಿಡಿಯೋ ಕಳಿಸಿ. ಒಂದು ಗಂಟೆಯೊಳಗೆ ಫೋನ್ ಮಾಡುತ್ತೇನೆ. ಬಂದು ನೋಡಲು 200 ರೂ., ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇನೆ.’ ವಿಡಿಯೋ ನೋಡಿದರೆ ಯಾವ ಸೈಜಿನ ಎಲ್ಬೋ, ಯಾವ ವಾಲ್ವು ಒಯ್ಯಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಎರಡೆರಡು ಸಲ ಗಾಡಿ ಓಡಿಸುವುದು ತಪ್ಪಿತು. ಪೆಟ್ರೋಲ್ ಉಳಿದದ್ದೂ ಲಾಭ ತಾನೆ?

ಹಾರ್ಡ್‌ವೇರ್ ಅಂಗಡಿ ಅಂದೆ. ಹಾಸನದಂಥ ಊರಿನಲ್ಲಿ ಗೂಗಲ್‌ಗಿಂತ ದೊಡ್ಡ ಗೂಗಲ್ ಅದೇ. ಪೈಪು ಕೊಳ್ಳಲು ಬಂದವನು ಗಲ್ಲಾದಲ್ಲಿ ಕೂತವರನ್ನೇ ‘ಯಾರಾದರೂ ಒಳ್ಳೆ ಪ್ಲಂಬರ್ ಇದ್ದಾರಾ?’ ಅಂತ ಕೇಳುತ್ತಾನೆ. ಅಲ್ಲಿ ಬಾಕಿ ಉಳಿಸಿಕೊಳ್ಳಬೇಡಿ. ಅವರು ಕಳಿಸಿದ ಕೆಲಸ ಮುಗಿದ ಮೇಲೆ ಒಂದು ಫೋನ್ ಮಾಡಿ ಹೇಳಿ. ಮತ್ತೆ ಸ್ಟಿಕ್ಕರ್: ನಿಮ್ಮ ಹೆಸರು, ಕೆಲಸ, ನಂಬರ್, ಅಷ್ಟೇ. ಮನೆಯವರನ್ನು ಕೇಳಿ ಮೋಟಾರಿನ ಸ್ಟಾರ್ಟರ್ ಬಾಕ್ಸ್ ಮೇಲೆ ಅಂಟಿಸಿ. ಮೋಟಾರ್ ಕೆಟ್ಟಾಗ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಐದು ವರ್ಷದ ಹಿಂದಿನ ಸ್ಟಿಕ್ಕರ್ ನೋಡಿ ನನಗೆ ಈಗಲೂ ಫೋನ್ ಬರುತ್ತದೆ, ನಂಬರ್ ಮಾತ್ರ ಬದಲಾಯಿಸಬಾರದು. ಕರೆಂಟ್ ಕಂಬ, ಕಾಂಪೌಂಡ್ ಗೋಡೆ ಬೇಡ. ಊರು ಅಂದಗೆಡಿಸುವುದರ ವಿರುದ್ಧ 1981ರಿಂದಲೇ ರಾಜ್ಯದಲ್ಲಿ ಕಾಯ್ದೆ ಇದೆ.

ಹಾಗಾದರೆ ವೆಬ್‌ಸೈಟ್ ಬೇಡವೇ ಬೇಡವಾ? ಬೇಕಾಗುತ್ತದೆ, ಆದರೆ ಬೇರೆ ಗಿರಾಕಿಗೆ. ಅಪಾರ್ಟ್‌ಮೆಂಟ್ ಸಂಘದವರು, ಪಿಜಿ ನಡೆಸುವವರು, ಹೋಟೆಲಿನವರು ವರ್ಷದ ಕೆಲಸ ಕೊಡುವಾಗ ನಾಲ್ಕು ಜನಕ್ಕೆ ತೋರಿಸಲು ಏನಾದರೂ ಕೇಳುತ್ತಾರೆ. ಇನ್ನೊಬ್ಬ ಗಿರಾಕಿಯನ್ನು ನಾನು ಬಹಳ ತಡವಾಗಿ ಗುರುತಿಸಿದೆ. ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ, ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಪ್ಲಂಬರ್‌ನನ್ನು ಹುಡುಕುವವನು ಆ ಮಗ. ಅವನು ಓದುತ್ತಾನೆ, ರೇಟು ನೋಡುತ್ತಾನೆ, ಯಾರು ಮನೆಯೊಳಗೆ ಬರುತ್ತಾರೆ ಅಂತ ತಿಳಿಯಬೇಕು ಅವನಿಗೆ. ಕೆಲಸ ಮುಗಿದ ಮೇಲೆ ಅವನಿಗೆ ಫೋಟೋ ಕಳಿಸಿದರೆ ಕೂತಲ್ಲೇ ಯುಪಿಐನಲ್ಲಿ ದುಡ್ಡು ಹಾಕುತ್ತಾನೆ, ಚೌಕಾಸಿ ಇಲ್ಲ. ಹಾಸನದಲ್ಲೂ ಇಂಥ ಮನೆಗಳು ಕಡಿಮೆಯೇನಿಲ್ಲ ಅಲ್ವಾ?

ಇವರಿಗೆಲ್ಲ ಒಂದೇ ಪುಟ ಸಾಕು. ನಿಮ್ಮ, ಹುಡುಗರ ಫೋಟೋ, ಮಾಡುವ ಕೆಲಸ, ಸಾಮಾನ್ಯ ಕೆಲಸಗಳ ಅಂದಾಜು ರೇಟು, ಹೋಗುವ ಏರಿಯಾಗಳು, ಒತ್ತಿದರೆ ಫೋನ್ ಹೋಗುವ ಒಂದು ಬಟನ್, ವಾಟ್ಸಾಪಿಗೆ ಇನ್ನೊಂದು. ಗೂಗಲ್ ಸೈಟ್ಸ್‌ನಲ್ಲಿ ಇದನ್ನು ಉಚಿತವಾಗಿ ಮಾಡಬಹುದು. ಪಿಯುಸಿ ಓದುವ ನಮ್ಮ ಅಕ್ಕನ ಮಗಳು ಒಂದು ಭಾನುವಾರದಲ್ಲಿ ಮಾಡಿಕೊಟ್ಟಳು. ಡಾಟ್ ಇನ್ ಡೊಮೇನ್ ಒಂದನ್ನು ನಿಮ್ಮದೇ ಇಮೇಲ್‌ನಿಂದ, ನಿಮ್ಮದೇ ದುಡ್ಡಿನಿಂದ ಕೊಂಡು ಅದಕ್ಕೆ ಜೋಡಿಸಿ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ, ಎರಡನೇ ವರ್ಷದ ರೇಟು ನೋಡಿ. ಗೂಗಲ್ ಪ್ರೊಫೈಲ್ ಜೊತೆಗೇ ಉಚಿತ ವೆಬ್‌ಸೈಟ್ ಸಿಗುತ್ತದೆ ಅಂತ ಯೂಟ್ಯೂಬಿನಲ್ಲಿ ಹಳೇ ವಿಡಿಯೋಗಳಿವೆ. ಆ ಸೌಲಭ್ಯವನ್ನು 2024ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದಾರೆ, ಹುಡುಕಿ ಸುಸ್ತಾಗಬೇಡಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಿಂದ ನನಗೆ ಲೈಕು ಬಂತು, ಕೆಲಸ ಬರಲಿಲ್ಲ. ಸಂಪು ಕ್ಲೀನ್ ಮಾಡುವ ರೀಲ್ ಜನ ನೋಡುತ್ತಾರೆ, ಕರೆಯುವುದಿಲ್ಲ. ಗೂಗಲ್ ಜಾಹೀರಾತು ಬೇಕಿದ್ದರೆ ಆಮೇಲೆ, ಮಳೆಗಾಲ ಶುರುವಾಗುವ ಹೊತ್ತಿಗೆ ದಿನಕ್ಕೆ 150-200 ರೂಪಾಯಿಯಂತೆ ಹತ್ತು ದಿನ ಹಾಕಿ ನೋಡಿ. ಅದರ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಜಾಗದ ಸೆಟ್ಟಿಂಗ್‌ನಲ್ಲಿ ‘ಆ ಊರಿನಲ್ಲಿರುವವರಿಗೆ ಮಾತ್ರ’ ಅನ್ನುವ ಆಯ್ಕೆ ಇದೆ. ನಾನು ಜಾಣತನ ಅಂತ ಅದನ್ನು ಒತ್ತಿ, ಬೆಂಗಳೂರಿನಲ್ಲಿರುವ ಆ ಮಗನನ್ನೇ ಹೊರಗಿಟ್ಟಿದ್ದೆ! ಅದರ ಬದಲು ‘ಹಾಸನ ಪ್ಲಂಬರ್’ ಅಂತ ಊರಿನ ಹೆಸರು ಸೇರಿದ ಪದಗಳಿಗೆ ಮಾತ್ರ ಜಾಹೀರಾತು ಕೊಡಿ.

ಇಷ್ಟಾದ ಮೇಲೂ ಅವರ ಹತ್ತಿರವೇ ಮಾಡಿಸುವುದಿದ್ದರೆ, ಡೊಮೇನ್ ಯಾರ ಹೆಸರಲ್ಲಿರುತ್ತದೆ, ಗೂಗಲ್ ಪ್ರೊಫೈಲ್‌ನ ಮಾಲೀಕರು ಯಾರು, ಎರಡನೇ ವರ್ಷ ಎಷ್ಟು ಕಟ್ಟಬೇಕು ಅಂತ ಕೇಳಿ. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕೊಡಿ.

ಒಂದು ಮರೆತೆ. ನಿಮಗೆ ಅಂಗಡಿ ಇದೆಯೋ, ಮನೆಯಿಂದಲೇ ಕೆಲಸಕ್ಕೆ ಹೋಗುತ್ತೀರೋ ಬರೆದಿಲ್ಲ. ಮನೆಯಿಂದಲೇ ಆದರೆ ಪ್ರೊಫೈಲ್‌ನಲ್ಲಿ ವಿಳಾಸ ಮುಚ್ಚಿಟ್ಟು, ಹೋಗುವ ಏರಿಯಾಗಳನ್ನು ಮಾತ್ರ ತೋರಿಸಬಹುದು, 20ರ ತನಕ ಸೇರಿಸಲು ಬಿಡುತ್ತದೆ. ವಿಡಿಯೋದಲ್ಲಿ ಆಗ ಶಟರ್ ಬದಲು ನಿಮ್ಮ ಗಾಡಿ, ಸಾಮಾನು, ವಿಸಿಟಿಂಗ್ ಕಾರ್ಡು ತೋರಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಕೆಳಗೆ ಬರೆಯಿರಿ, ರಾತ್ರಿ ಒಂಬತ್ತರ ಮೇಲೆ ನೋಡುತ್ತೇನೆ.