ಅಂಕದ ಪಟ್ಟಿ ಬೇಡ ಸರ್, ನೋಟ್‌ಬುಕ್ ತರಿಸಿ

ಸರ್, ನಿಮ್ಮ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಯೋಜನೆ ಓದಿದೆ. ಐದನೇ ಕ್ಲಾಸಿಗೆ ಎಲ್ಲ ಶಾಲೆಯಲ್ಲೂ ಗಣಿತದ ಒಂದೇ ಪ್ರಶ್ನೆಪತ್ರಿಕೆ, ಅಂಕ ಎಕ್ಸೆಲ್‌ಗೆ, ಕಡಿಮೆ ಬಂದವರಿಗೆ ಸಂಜೆ ವಿಶೇಷ ತರಗತಿ. ನಮ್ಮ ಕ್ಲಸ್ಟರ್‌ನಲ್ಲೂ ಹೀಗೇ ಮಾಡಿದ್ದೆವು. ಮುಂದಿನ ಸಲ ಅಂಕ ಏರಿತು, ಲೆಕ್ಕ ಮಾತ್ರ ಬರಲಿಲ್ಲ. ಶಾಲೆಗಳ ಹೆಸರನ್ನು ಅಂಕದ ಪ್ರಕಾರ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಯಾರು ತಾನೇ ಸುಮ್ನೆ ಕೂರುತ್ತಾರೆ? ಉತ್ತರ ಬೋರ್ಡಿನ ಮೇಲೇ ಬಂದುಬಿಡುತ್ತೆ.

ಒಂದೇ ಒಂದು ಲೆಕ್ಕ ಕೊಡಿ: 403ರಲ್ಲಿ 178 ಕಳೆಯಿರಿ. ಸರಿ ಉತ್ತರ 225. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 205 ಬರೆದ ಮಗು ನೂರರಿಂದ ಸೀದಾ ಬಿಡಿಗೆ ಸಾಲ ತಂದಿದೆ, ಸೊನ್ನೆಯಲ್ಲಿ ಏಳು ಹೋಗಲ್ಲ ಅಂತ ಸೊನ್ನೆಯನ್ನೇ ಇಳಿಸಿದೆ. 235 ಬರೆದ ಮಗು ಹತ್ತರ ಮನೆಗೆ ಹತ್ತು ತಂದು, ಒಂದನ್ನು ಬಿಡಿಗೆ ಕೊಟ್ಟು, ಉಳಿದದ್ದು ಒಂಬತ್ತು ಅನ್ನೋದನ್ನು ಬಿಟ್ಟಿದೆ. ಎಕ್ಸೆಲ್‌ನಲ್ಲಿ ಮೂವರಿಗೂ ಸೊನ್ನೆ. ಮೂವರನ್ನೂ ಒಟ್ಟಿಗೆ ಕೂರಿಸಿ ಅದೇ ಥರದ ಲೆಕ್ಕ ರಾಶಿ ಹಾಕಿದರೆ ತಪ್ಪು ಇನ್ನೂ ಗಟ್ಟಿಯಾಗುತ್ತೆ, ಅಷ್ಟೇ.

ಶಿಕ್ಷಕರ ಸಮಾಲೋಚನಾ ಸಭೆಗೆ ಮಕ್ಕಳ ನೋಟ್‌ಬುಕ್ ತರಿಸಿ. ಶಾಲೆಯ ಹೆಸರು ಮುಚ್ಚಿ, ತಪ್ಪಿನ ಪ್ರಕಾರ ಗುಡ್ಡೆ ಮಾಡಿ. ಹಾಂ, ಮಕ್ಕಳ ಕೈಗೆ ರಬ್ಬರ್ ಕೊಡಬೇಡಿ. ನಟರಾಜ್, ಅಪ್ಸರಾ ಎರಡೂ ಚೆನ್ನಾಗಿ ಅಳಿಸುತ್ತವೆ, ಅದೇ ತೊಂದರೆ!

ಆಮೇಲೆ ಕಳೆಯೋದನ್ನು ಕೈಯಲ್ಲೇ ಮಾಡಿಸೋಕೆ ಕಡ್ಡಿಯ ಕಟ್ಟುಗಳು ಬೇಕು: ಹತ್ತು ಕಡ್ಡಿಗೆ ಒಂದು ಕಟ್ಟು, ಅಂಥ ಹತ್ತು ಸೇರಿದರೆ ನೂರರ ಕಟ್ಟು. ತೆಂಗಿನ ಪೊರಕೆ ಕಡ್ಡಿ ಸಾಕು. ರಬ್ಬರ್ ಬ್ಯಾಂಡ್ ಬೇಸಿಗೆಗೆ ಅಂಟಂಟಾಗಿ ತುಂಡಾಗುತ್ತೆ, ಹಳೇ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿಕೊಳ್ಳಿ. ನೂರರ ಕಟ್ಟನ್ನು ಮಗುವೇ ಬಿಚ್ಚಬೇಕು, ನೀವಲ್ಲ. ಹತ್ತರ ಹತ್ತು ಕಟ್ಟಿನಲ್ಲಿ ಒಂದನ್ನು ಬಿಚ್ಚಿದ ಮೇಲೆ ಒಂಬತ್ತು ಕಣ್ಣೆದುರೇ ಇರುತ್ತೆ. ಆದರೆ ಇದು 235ರ ಮಗುವಿಗೆ ಬೇಗ ತಲೆಗೆ ಹತ್ತುತ್ತೆ. 375ರ ಮಗುವನ್ನು ಮೊದಲು ಎರಡಂಕಿಗೆ ಇಳಿಸಿ, 52ರಲ್ಲಿ 27 ಮಾಡಿಸಿ. ಕಡ್ಡಿಯಲ್ಲೇ ಜಾಸ್ತಿ ದಿನ ನಿಲ್ಲಿಸಲೂಬೇಡಿ, ಬಿಚ್ಚಿದ ಕೂಡಲೇ ಪಕ್ಕದಲ್ಲಿ ಅಂಕಿ ಬರೆಸಿ.

ಸರ್ಕಾರಿ ಶಾಲೆಗಳ ಗಣಿತ ಕಲಿಕಾ ಆಂದೋಲನ ಕಾರ್ಯಕ್ರಮದ ಕಲಿಕಾ ಸಾಮಗ್ರಿ ಕಿಟ್ ಬಂದಿತ್ತಲ್ವಾ, 4 ಮತ್ತು 5ನೇ ತರಗತಿಗೆ? ಅದರಲ್ಲೂ ಇದಕ್ಕೆ ಬೇಕಾದ ಸಾಮಾನಿದೆ. ಕಳೆದುಹೋದರೆ ಲೆಕ್ಕ ಕೊಡಬೇಕು ಅಂತ ಬೀರುವಿನಲ್ಲಿ ಬೀಗ ಹಾಕಿಡೋರಿಗೆ ಏನು ಹೇಳೋಣ! ತೆಗೆಯಿರಿ ಮಾರಾಯ್ರೆ.

ಜಿಲ್ಲೆಗೆಲ್ಲಾ ಹಬ್ಬಿಸುವ ಮಾತನ್ನೂ ಬರೆದಿದ್ದೀರಿ. ಅವಸರ ಬೇಡ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ (ಕಾರ್ಡ್ ಹಿಡಿದು ನಲಿಯುತ್ತಾ ಕಲಿಯೋ ಪದ್ಧತಿ) ಶುರುವಾದಾಗ ಅಲ್ಲಿನ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ, ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡ್ ಮಾಡಿದ್ದರು. ಕಾರ್ಡನ್ನು ಎಲ್ಲಾ ಕಡೆಗೂ ಅಚ್ಚು ಹಾಕಿಸಿ ಕಳಿಸಬಹುದು, ಅದನ್ನು ಮಾಡಿದವರಿಗಿದ್ದ ತಿಳಿವಳಿಕೆಯನ್ನಲ್ಲ. ಡಯಟ್‌ಗೆ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ನಿಮ್ಮ ಪಿಪಿಟಿಗಿಂತ ಆ ತಪ್ಪುಗಳ ಗುಡ್ಡೆಯನ್ನೇ ಕಳಿಸಿ.

ಆರು ಏಳನೇ ಕ್ಲಾಸಿನ ಶಿಕ್ಷಕರು ದಶಮಾಂಶದ ಬಗ್ಗೆ ಕೇಳಿದ್ದಕ್ಕೆ: 0.35 ದೊಡ್ಡದು, 0.5 ಚಿಕ್ಕದು ಅನ್ನೋ ಮಕ್ಕಳಿಗೆ ರೂಪಾಯಿ ಪೈಸೆ ಹೇಳಿದರೆ ಆ ಹೊತ್ತಿಗೆ ಸರಿಯಾಗುತ್ತೆ, ಆದರೆ ಪೈಸೆ ಎರಡೇ ಸ್ಥಾನಕ್ಕೆ ನಿಲ್ಲುತ್ತೆ, 0.125 ಬಂದಾಗ ಮತ್ತೆ ಸಿಕ್ಕಿಬೀಳುತ್ತಾರೆ. ಮೀಟರ್ ಪಟ್ಟಿ ಹಿಡಿಯಿರಿ, ಮಿಲಿಮೀಟರ್ ಗೆರೆ ಇರೋದು. ಟೈಲರ್ ಟೇಪ್ ಬೇಡ, ಒಂದು ಬದಿ ಇಂಚು ಇರುತ್ತೆ, ಅದನ್ನೇ ಓದಿಬಿಡುತ್ತಾರೆ.